ಮಕ್ಕಳನ್ನು ಮನೆಗೆ ಸೇರಿಸಲು ಒಂದು ವರ್ಷ ಸಾಕಾ?

ಪ್ರಶ್ನೆ: ನಾನು ಕುಶಾಲನಗರದ ಕಡೆ ಒಂದು ಟ್ರಸ್ಟ್ ನಡೆಸುವ ಮಕ್ಕಳ ಮನೆಯ ಅಧೀಕ್ಷಕಿ. 36 ಮಕ್ಕಳಿದ್ದಾರೆ, ಸಿಬ್ಬಂದಿ 11 ಜನ. ಹೆಚ್ಚಿನ ಮಕ್ಕಳು ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ, ಆದಿವಾಸಿ ಹಾಡಿಗಳಿಂದ ಬಂದವರು. ಅಪ್ಪನೋ ಅಮ್ಮನೋ ಇರುವವರೇ ಜಾಸ್ತಿ. ಈ ವರ್ಷ ಬಂದ ಹೊಸ ಟ್ರಸ್ಟಿಗಳು, "ಒಂದು ವರ್ಷದೊಳಗೆ ಮಕ್ಕಳನ್ನು ಅವರವರ ಮನೆಗೆ ಸೇರಿಸಿ, ಅಲ್ಲೇ ನೆರವು ಕೊಡೋಣ" ಎನ್ನುತ್ತಾರೆ. ಹಳೆಯ ಕಾರ್ಯದರ್ಶಿಗಳಿಗೆ ಬೇಸರವಾಗಿದೆ. ಅಡುಗೆಯವರು, ಗೃಹಮಾತೆಯರು ಕೆಲಸ ಹೋಗುತ್ತದೆ ಎಂದು ಹೆದರಿದ್ದಾರೆ. ದಾನಿಗಳು ಏನನ್ನುತ್ತಾರೋ ಗೊತ್ತಿಲ್ಲ. ಬದಲಾವಣೆಯ ಯೋಜನೆ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಹೊಸ ಟ್ರಸ್ಟಿಗಳು ಹಿಡಿದಿರುವ ದಾರಿ ಸರಿಯಾಗಿದೆ. ಗಡುವು ಮಾತ್ರ ತಪ್ಪು. ಕೊಡಗಿನಲ್ಲಿ ಈ ಕೆಲಸಕ್ಕೆ ಕಡಿಮೆ ಅಂದರೂ ಎರಡು ಮಳೆಗಾಲ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ದಾರಿ ಸರಿ ಎನ್ನಲು ಕಾನೂನೇ ಸಾಕು. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯ ಎಂದು 2015ರ ಬಾಲ ನ್ಯಾಯ ಕಾಯ್ದೆ ಹೇಳುತ್ತದೆ. ಬೇರೆ ದಾರಿಗಳನ್ನೆಲ್ಲ ನೋಡಿ, ಆಗದಿದ್ದರೆ ಮಾತ್ರ. ಟ್ರಸ್ಟ್ ಸಭೆಯಲ್ಲಿ ಯಾರಾದರೂ ಬುಕಾರೆಸ್ಟ್ ಅಧ್ಯಯನದ ಮಾತೂ ಎತ್ತಬಹುದು. ರೊಮೇನಿಯದ ಆ ನಗರದಲ್ಲಿ ಅನಾಥಾಲಯದ 136 ಎಳೆಯ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕು ಕುಟುಂಬಗಳಿಗೆ ಕೊಟ್ಟು ನೋಡಿದರು. ಕುಟುಂಬಕ್ಕೆ ಹೋದವರ ಬುದ್ಧಿ ಬೆಳವಣಿಗೆ ಚೆನ್ನಾಗಿತ್ತು. ಬೇಗ ಹೋದವರಿಗೆ ಲಾಭ ಜಾಸ್ತಿಯಾಯಿತು. ಒಪ್ಪೋಣ. ಆದರೆ ಅವು ಹೆಚ್ಚು ಕಡಿಮೆ ಎರಡೂವರೆ ವರ್ಷದೊಳಗಿನ ಕೂಸುಗಳು. ಅವನ್ನು ಕೊಟ್ಟದ್ದು ತರಬೇತಿ ಪಡೆದ, ದುಡ್ಡಿನ ನೆರವೂ ಇದ್ದ ಮನೆಗಳಿಗೆ. ಏಳನೇ ಕ್ಲಾಸಿನ ಹುಡುಗನನ್ನು ಸುಮ್ನೆ ಬಸ್ ಹತ್ತಿಸಿ ಲೈನ್ ಮನೆಗೆ ಕಳಿಸೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಅವಸರ ಮಾಡಿದರೆ ಏನಾಗುತ್ತದೆ ಎಂದು ನಮ್ಮ ರಾಜ್ಯವೇ ನೋಡಿದೆ. 2020ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ ಪತ್ರ ಬರೆಯಿತು. ಸಂಸ್ಥೆಗಳಲ್ಲಿರುವ ಮಕ್ಕಳನ್ನು ಆದಷ್ಟು 100 ದಿನಗಳಲ್ಲಿ ಕುಟುಂಬಕ್ಕೆ ಸೇರಿಸಿ ಎಂದಿತು. ಆಗ ಕೋವಿಡ್. ಎಷ್ಟೋ ಮನೆಗಳಲ್ಲಿ ದುಡಿಮೆಯೇ ನಿಂತಿತ್ತು. ಮನೆಗೆ ಹೋದ ಮಕ್ಕಳ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ ಆ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ಮಕ್ಕಳು ಮೊದಲು ಹೊರಟರು, ನೆರವಿನ ಮಾತು ಆಮೇಲೆ ಬಂತು. ನಿಮ್ಮಲ್ಲಿ ಇದು ತಿರುಗಬೇಕು.

ಇನ್ನು ಎಲ್ಲಿಂದ ಶುರು ಅನ್ನೋದು. ಸಾಮಾನ್ಯವಾಗಿ ಎಲ್ಲರೂ ಒಳಗಿರುವ ಮಕ್ಕಳ ಪಟ್ಟಿ ಹಿಡಿದು ಕೂರುತ್ತಾರೆ. ಯಾರನ್ನು ಮೊದಲು ಕಳಿಸೋಣ, ಯಾರ ಅಮ್ಮ ಒಪ್ಪುತ್ತಾಳೆ ಎಂದು. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಹೊಸ ಮಕ್ಕಳು ಬರುವ ದಾರಿ ನೋಡಿ. ಮೇನಲ್ಲಿ ಹತ್ತು ಮಕ್ಕಳನ್ನು ಕಳಿಸಿ, ಜೂನ್‌ನಲ್ಲಿ ಹನ್ನೆರಡು ಮಕ್ಕಳನ್ನು ಸೇರಿಸಿಕೊಂಡರೆ ಬದಲಾದದ್ದು ಹಾಜರಿ ಪುಸ್ತಕದ ಹೆಸರುಗಳು ಮಾತ್ರ.

ಕಳೆದ ಮೂರು ವರ್ಷಗಳಲ್ಲಿ ಸೇರಿದ ಪ್ರತಿ ಮಗುವಿನ ಫೈಲ್ ತೆಗೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ: ಯಾರು ಕರೆತಂದರು, ಯಾವ ತಿಂಗಳು, ನಿಜವಾದ ಕಾರಣ ಏನು. ಫೈಲಿನಲ್ಲಿ 'ಬಡತನ' ಎಂದಿದ್ದರೆ ಅದನ್ನು ಕಾರಣ ಎಂದು ಒಪ್ಪಬೇಡಿ. ಲೈನಿನಲ್ಲಿ ಎಲ್ಲರೂ ಬಡವರೇ. ಪಕ್ಕದ ಮನೆಯ ಮಗು ಬರಲಿಲ್ಲ, ಈ ಮಗು ಯಾಕೆ ಬಂತು? ನಿಮ್ಮ ಗೃಹಮಾತೆಯರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಅಮ್ಮ ಬೆಳಗ್ಗೆ ತೋಟಕ್ಕೆ ಹೋದರೆ ಚಿಕ್ಕವರನ್ನು ನೋಡೋರಿಲ್ಲ. ಶಾಲೆ ದೂರ, ದಾರಿಯಲ್ಲಿ ಆನೆ. ಸಿದ್ದಾಪುರ, ತಿತಿಮತಿ ಕಡೆಯವರಿಗೆ ಇದು ದಿನದ ಭಯ. ಅಪ್ಪ ಕುಡಿದು ಬಂದು ಹೊಡೆಯುತ್ತಾನೆ. ಮೇಸ್ತ್ರಿ ಬೇರೆ ತೋಟಕ್ಕೆ ಕರೆದುಕೊಂಡು ಹೋದ, ನಡುವಲ್ಲಿ ಶಾಲೆ ತಪ್ಪಿತು. ಅಮ್ಮ ತೀರಿಕೊಂಡಳು, ಅಜ್ಜಿಗೆ ಕೈಲಾಗುತ್ತಿಲ್ಲ.

ಹೀಗೆ ಬಿಡಿಸಿದರೆ ಅರ್ಧ ಯೋಜನೆ ತಾನಾಗಿ ಎದುರಿಗೆ ಬರುತ್ತದೆ. ಓದಿಗೆ ಮಾತ್ರ ಬಂದ ಮಗುವಿಗೆ ಮಕ್ಕಳ ಮನೆಯೇ ಬೇಕಿಲ್ಲ. ಹಾಡಿ ಮಕ್ಕಳಿಗೆ ಆಶ್ರಮ ಶಾಲೆ ಇದೆ. ಆರನೇ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆ ಇದೆ. ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಗಳ ಹಾಸ್ಟೆಲ್‌ಗಳಿವೆ. ಹಗಲು ನೋಡಿಕೊಳ್ಳೋರಿಲ್ಲ ಎಂದು ಬಂದ ಮಗುವಿಗೆ ಬೇಕಿರುವುದು ಅಂಗನವಾಡಿ, ಪಂಚಾಯ್ತಿಯ ಕೂಸಿನ ಮನೆ, ಇಲ್ಲವೇ ತೋಟದ್ದೇ ಶಿಶುಪಾಲನಾ ಕೊಠಡಿ. ದೊಡ್ಡ ತೋಟಗಳು ಅಂಥ ಕೊಠಡಿ ಇಡಬೇಕು ಅನ್ನೋದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ಇರುವ ಮಾತು. ಹೊಡೆತ, ಲೈಂಗಿಕ ಹಿಂಸೆ ಕಂಡು ಬಂದ ಮಗುವಿನ ಕಥೆ ಪೂರ್ತಿ ಬೇರೆ. ಆ ಫೈಲ್‌ಗಳಿಗೆ ಕೆಂಪು ದಾರ ಕಟ್ಟಿ ಬೇರೆ ಇಡಿ. ಅವರನ್ನು 'ಮನೆಗೆ ಕಳಿಸುವವರ' ಲೆಕ್ಕಕ್ಕೆ ಯಾರೂ ಸೇರಿಸದಂತೆ ನೋಡಿಕೊಳ್ಳಿ.

ಕರೆತಂದವರ ಹೆಸರುಗಳನ್ನೂ ಒಮ್ಮೆ ನೋಡಿ. ಅವೇ ನಾಲ್ಕಾರು ಜನ ಮತ್ತೆ ಮತ್ತೆ ಕಾಣಿಸುತ್ತಾರೆ: ಶಾಲೆಯ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ತೋಟದ ಲೆಕ್ಕ ಬರೆಯುವ ರೈಟರ್, ಪಂಚಾಯ್ತಿ ಸದಸ್ಯರು. ಒಳ್ಳೆಯ ಮನಸ್ಸಿನಿಂದಲೇ ಕರೆತಂದಿರುತ್ತಾರೆ. ಅವರ ಹತ್ತಿರ ಹೋಗಿ ಹೇಳಿ: ಇನ್ನು ಮುಂದೆ ಮಗುವನ್ನು ಕರೆತರುವ ಮುಂಚೆ ಒಂದು ಫೋನ್ ಮಾಡಿ, ನಾವೇ ಮೊದಲು ಮನೆಗೆ ಬಂದು ನೋಡುತ್ತೇವೆ. ಮಗುವಿಗೆ ಅಪಾಯ ಅನ್ನಿಸಿದರೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿ. ಈ ಒಂದು ಮಾತನ್ನು ಒಂದು ವರ್ಷ ಪಾಲಿಸಿದರೆ ಬರುವ ಮಕ್ಕಳ ಸಂಖ್ಯೆ ಇಳಿಯುತ್ತದೆ, ಬಂದವರು ನಿಜಕ್ಕೂ ಬರಬೇಕಾದವರೇ ಆಗಿರುತ್ತಾರೆ.

ಯಾರು ಕರೆತಂದರೂ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಅನ್ನೋದು ನಿಮಗೆ ಗೊತ್ತಿರುವ ನಿಯಮವೇ. ಹೊಸ ಟ್ರಸ್ಟಿಗಳಿಗೆ ಗೊತ್ತಿಲ್ಲದೇ ಇರಬಹುದಾದದ್ದು ಇನ್ನೊಂದು: ಹೊರಗೆ ಹೋಗುವುದಕ್ಕೂ ಸಮಿತಿಯ ಆದೇಶವೇ ಬೇಕು. ಟ್ರಸ್ಟ್ ನಿರ್ಣಯ ಮಾಡಿದ ಮಾತ್ರಕ್ಕೆ ಒಂದು ಮಗುವೂ ಮನೆಗೆ ಹೋಗುವಂತಿಲ್ಲ. ಮನೆಯ ಸ್ಥಿತಿಗತಿ ನೋಡಿ ಬರೆಯುವ ಸಾಮಾಜಿಕ ತನಿಖಾ ವರದಿ ಆಗಬೇಕು, ಮಗುವಿನ ಮಾತು ಕೇಳಬೇಕು. ಹಾಗಾಗಿ ಯೋಜನೆಯ ಕರಡು ಆದ ಕೂಡಲೇ ಮಡಿಕೇರಿಗೆ ಹೋಗಿ ಸಮಿತಿಯವರನ್ನೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನೂ ಕಾಣಿ. ಎಲ್ಲ ಮುಗಿಸಿ ಹೇಳಿದರೆ ಅವರು ತಡೆಯುತ್ತಾರೆ. ತಡೆಯಲೂಬೇಕು.

ಈಗ ಸಿಬ್ಬಂದಿ. ನಿಮ್ಮ ಪ್ರಶ್ನೆಯಲ್ಲಿ ಇದಕ್ಕೆ ಒಂದೇ ಸಾಲು ಇದೆ, ಆದರೆ ಇಡೀ ಯೋಜನೆ ನಿಲ್ಲೋದೂ ಬೀಳೋದೂ ಇಲ್ಲೇ. ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ಚಾರ್ಲ್ಸ್ ಗ್ಲಿಸನ್ ಮತ್ತು ಆಂಥನಿ ಹೆಮ್ಮೆಲ್‌ಗಾರ್ನ್ 32 ಮಕ್ಕಳ ಸೇವಾ ಕಚೇರಿಗಳನ್ನೂ ಅವು ನೋಡಿಕೊಳ್ಳುತ್ತಿದ್ದ 250 ಮಕ್ಕಳನ್ನೂ ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದರು. ಮಕ್ಕಳ ಸ್ಥಿತಿ ಸುಧಾರಿಸಿದ್ದು ಎಲ್ಲಿ? ಕಚೇರಿಯೊಳಗಿನ ವಾತಾವರಣ ಚೆನ್ನಾಗಿದ್ದ ಕಡೆ. ಅಂದರೆ ಜಗಳ ಕಡಿಮೆ, ಯಾರ ಕೆಲಸ ಏನು ಎಂದು ಸ್ಪಷ್ಟ, ಒಬ್ಬರಿಗೊಬ್ಬರು ಕೈ ಜೋಡಿಸುವವರು. ಇಲಾಖೆ ಇಲಾಖೆಗಳ ನಡುವೆ ಸಮನ್ವಯ ಹೆಚ್ಚಿಸಿದ್ದು ಅಂಥ ಫಲ ಕೊಡಲಿಲ್ಲ, ಬದಲಿಗೆ ಸೇವೆಯ ಗುಣಮಟ್ಟ ಇಳಿಯಿತು. ಸಮನ್ವಯ ಸಭೆ ಎಂದರೆ ಪ್ರಾಣ ಬಿಡುವ ನಮ್ಮವರಿಗೆ ಇದು ರುಚಿಸೋದಿಲ್ಲ, ಇರಲಿ. ಅಮೆರಿಕದ್ದೇ ಆದ ಮಿಲ್ವಾಕಿ ನಗರದ 2005ರ ಒಂದು ವರದಿ ಇನ್ನೂ ಚುರುಕಾಗಿದೆ. ಪ್ರಕರಣ ನೋಡಿಕೊಳ್ಳುವ ಒಬ್ಬರೇ ಕಾರ್ಯಕರ್ತರ ಕೈಯಲ್ಲಿ ಇದ್ದ ಮಕ್ಕಳಲ್ಲಿ ನೂರಕ್ಕೆ 74.5ರಷ್ಟು ಮಂದಿಗೆ ಕಾಯಂ ನೆಲೆ ಸಿಕ್ಕಿತ್ತು. ನಡುವೆ ಒಮ್ಮೆ ಕಾರ್ಯಕರ್ತರು ಬದಲಾದ ಮಕ್ಕಳಲ್ಲಿ ಅದು 17.5ಕ್ಕೆ ಬಿದ್ದಿತ್ತು. ಕಷ್ಟದ ಪ್ರಕರಣಗಳು ಹೆಚ್ಚು ಕಾಲ ಎಳೆಯುತ್ತವೆ, ಅಷ್ಟರಲ್ಲಿ ಕಾರ್ಯಕರ್ತರೂ ಬದಲಾಗುತ್ತಾರೆ. ಹಾಗಾಗಿ ಅಷ್ಟೂ ವ್ಯತ್ಯಾಸಕ್ಕೆ ಅದೊಂದೇ ಕಾರಣ ಎನ್ನಲಾಗದು. ಆದರೂ, ಬದಲಾವಣೆಯ ಗಲಾಟೆಯಲ್ಲಿ ನಿಮ್ಮ ಇಬ್ಬರು ಹಳೆಯ ಗೃಹಮಾತೆಯರು ಬಿಟ್ಟು ಹೋದರೆ ನಷ್ಟ ಎಷ್ಟು ಎಂದು ಟ್ರಸ್ಟಿಗಳಿಗೆ ತೋರಿಸಲು ಈ ಅಂಕಿ ಸಾಕು.

ಹೆದರಿದವರಿಗೆ ಭಾಷಣ ಮಾಡಬೇಡಿ. 'ಮಕ್ಕಳ ಹಕ್ಕು' ಎಂದು ಎರಡು ದಿನದ ತರಬೇತಿಯನ್ನೂ ಈಗಲೇ ಇಡಬೇಡಿ. 1940ರ ದಶಕದಲ್ಲೇ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ ಹೇಳಿದ್ದು ಇಷ್ಟೇ: ಜನರನ್ನು ಮುಂದಕ್ಕೆ ದೂಡುವುದಕ್ಕಿಂತ, ಅವರನ್ನು ಹಿಡಿದು ನಿಲ್ಲಿಸಿರುವುದನ್ನು ಸಡಿಲಿಸಿ. ನಿಮ್ಮ ಗೃಹಮಾತೆಯನ್ನು ಹಿಡಿದಿರುವುದು ಏನು? ಅವರು ಅಲ್ಲೇ ಒಂದು ಕೋಣೆಯಲ್ಲಿ ಇರಬಹುದು. ಊಟ ಅಲ್ಲೇ. ಮಗಳು ಅಲ್ಲಿಂದಲೇ ಶಾಲೆಗೆ ಹೋಗುತ್ತಿರಬಹುದು. ಸಂಸ್ಥೆ ಮುಚ್ಚಿದರೆ ಅವರ ಸಂಬಳದ ಜೊತೆ ಮನೆಯೂ ಹೋಗುತ್ತದೆ. ಇದಕ್ಕೆ ಉತ್ತರ ಕೊಡದೆ ಮಕ್ಕಳ ಹಕ್ಕಿನ ಮಾತಾಡಿದರೆ ಯಾರ ಕಿವಿಗೂ ಇಳಿಯೋದಿಲ್ಲ.

ಆದ್ದರಿಂದ ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ ಕೂತು ಮಾತಾಡಿ. ಸಭೆಯಲ್ಲಿ ಅಲ್ಲ, ಸಭೆಯಲ್ಲಿ ಅಡುಗೆಯವರು ಬಾಯಿ ಬಿಡೋದಿಲ್ಲ. ಮಾತಾಡಿದ ಮೇಲೆ ಟ್ರಸ್ಟ್‌ನಿಂದ ಪ್ರತಿಯೊಬ್ಬರಿಗೂ ಒಂದು ಕಾಗದ ಕೊಡಿಸಿ: ಸಂಬಳ ಯಾವ ದಿನಾಂಕದವರೆಗೆ ಗ್ಯಾರಂಟಿ, ಇರಲು ಕೋಣೆ ಎಲ್ಲಿಯವರೆಗೆ, ಮುಂದಿನ ಕೆಲಸ ಏನು. "ಯಾರ ಕೆಲಸವೂ ಹೋಗಲ್ಲ" ಎಂದು ಮೊದಲ ದಿನ ಹೇಳಿಬಿಡುವ ಆಸೆ ಆಗುತ್ತದೆ. ಹೇಳಬೇಡಿ. ಮಕ್ಕಳ ಸಂಖ್ಯೆ ಹತ್ತಕ್ಕೆ ಇಳಿದರೆ ಅಷ್ಟು ಅಡುಗೆಯವರು ಬೇಕಾಗೋದಿಲ್ಲ ಅನ್ನೋದು ಅವರಿಗೂ ಗೊತ್ತು. ಸುಳ್ಳು ಹೇಳಿದರೆ ಉಳಿದ ನಿಜವನ್ನೂ ನಂಬೋದಿಲ್ಲ. ಅಂಥವರಿಗೆ ಒಂದು ವರ್ಷ ಮುಂಚೆಯೇ ತಿಳಿಸಿ, ಅಂಗನವಾಡಿ, ಶಾಲೆಯ ಬಿಸಿಯೂಟದಂಥ ಕಡೆ ಜಾಗ ಖಾಲಿ ಆದಾಗ ಅರ್ಜಿ ಹಾಕಲು ಜೊತೆಯಲ್ಲಿ ನಿಲ್ಲಿ.

ಗೃಹಮಾತೆಯರಲ್ಲಿ ಇಬ್ಬರನ್ನಾದರೂ ಮನೆ ಭೇಟಿಯ ಕೆಲಸಕ್ಕೆ ತನ್ನಿ. ಹೊಸದಾಗಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದವರನ್ನು ತೆಗೆದುಕೊಳ್ಳೋಣ ಎಂದು ಟ್ರಸ್ಟಿಗಳು ಹೇಳಬಹುದು. ವರದಿ ಬರೆಯಲು ಒಬ್ಬರು ಬೇಕು, ನಿಜ. ಆದರೆ "ಚೆನ್ನಾಗಿದ್ದೀನಿ ಆಂಟಿ" ಎಂದು ಮಗು ಹೇಳಿದಾಗ ಅದು ನಿಜವೋ ಸುಳ್ಳೋ ಅನ್ನೋದು ನಾಲ್ಕು ವರ್ಷ ಅದಕ್ಕೆ ತಲೆ ಬಾಚಿದವರಿಗೆ ಗೊತ್ತಾಗುತ್ತದೆ. ಎರವರ ಮಾತೋ, ಜೇನುಕುರುಬರ ಮಾತೋ, ಮಲಯಾಳವೋ ಬರುವವರು ಸಿಬ್ಬಂದಿಯಲ್ಲಿ ಇದ್ದರೆ ಅವರನ್ನು ಬಿಟ್ಟುಕೊಡಲೇಬೇಡಿ. ಓಡಾಟದ ಖರ್ಚನ್ನು ಸರಿಯಾಗಿ ಬರೆಯಿರಿ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ಕೊಡಗಿನ ಒಳದಾರಿಗಳಲ್ಲಿ ಓಡುವುದು ಬಹಳ ಕಡೆ ಪ್ರೈವೇಟ್ ಬಸ್ಸೇ. ಅದೂ ಇಲ್ಲದ ಕಡೆ ಜೀಪು, ಆಟೋ. ಬೆಂಗಳೂರಲ್ಲಿ ಕೂತು ಬಜೆಟ್ ಮಾಡುವವರು ಇದನ್ನು ಯಾವಾಗಲೂ ಮರೆಯುತ್ತಾರೆ.

ಮಕ್ಕಳಿಗೂ ಹೇಳಿ. ಇಲ್ಲದಿದ್ದರೆ ಅಡುಗೆಮನೆಯಿಂದ ಸುದ್ದಿ ಸೋರಿ, 36 ಮಕ್ಕಳೂ ರಾತ್ರಿ ನಿದ್ದೆ ಬಿಡುತ್ತಾರೆ. ನಿಯಮದ ಪ್ರಕಾರ ನಿಮ್ಮಲ್ಲಿ ಮಕ್ಕಳ ಸಮಿತಿ ಇರಬೇಕು. ಹೆಸರಿಗೆ ಇದ್ದರೆ ಈಗ ಅದಕ್ಕೆ ಜೀವ ಕೊಡಿ.

ದುಡ್ಡಿನ ಲೆಕ್ಕಕ್ಕೆ ಬರೋಣ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವದ ನೆರವು, ಅಂದರೆ ಮಗು ಮನೆಯಲ್ಲೇ ಬೆಳೆಯಲು ಕೊಡುವ ಹಣ, ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ರೂಪಾಯಿ ಮೀರಬಾರದು. 72,000 ಅಂದರೆ ತಿಂಗಳಿಗೆ 6,000. ಗಂಡ ಹೆಂಡತಿ ಇಬ್ಬರೂ ತೋಟದ ಕೆಲಸಕ್ಕೆ ಹೋಗುವ ಮನೆ ಇದನ್ನು ಸುಲಭವಾಗಿ ದಾಟುತ್ತದೆ. ವರ್ಷವಿಡೀ ಕೆಲಸ ಸಿಕ್ಕರೆ ಒಂಟಿ ತಾಯಿಯೂ ದಾಟಬಹುದು. ಹಾಗಾಗಿ ಮನೆಗೆ ಹೋಗುವ ಎಲ್ಲ ಮಕ್ಕಳಿಗೂ ಸರ್ಕಾರದ ದುಡ್ಡು ಬರುತ್ತದೆ ಎಂದು ಬರೆದುಬಿಡಬೇಡಿ. ಬರುವವರಿಗೂ ಆಧಾರ್, ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರ ಆಗಿ, ಸಮಿತಿ ಒಪ್ಪಿ, ಹಣ ಖಾತೆಗೆ ಬೀಳುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ. ಆ ನಡುವಿನ ಕಾಲಕ್ಕೆ ಟ್ರಸ್ಟ್ ತನ್ನ ಕೈಯಿಂದ ಕೊಡಬೇಕು. ಅದಕ್ಕೆ ಬೇರೆಯೇ ನಿಧಿ ತೆಗೆದಿಡಿ. ಜೊತೆಗೆ ಕುಟುಂಬಕ್ಕೆ ಪಡಿತರ ಚೀಟಿ ಇದೆಯಾ, ಗೃಹಲಕ್ಷ್ಮಿಯ 2,000 ಬರುತ್ತಿದೆಯಾ ನೋಡಿ. ಲೈನ್ ಮನೆಯವರಿಗೆ ಸ್ವಂತ ವಿಳಾಸದ ದಾಖಲೆ ಇಲ್ಲದೆ ಇವೆಲ್ಲ ತಪ್ಪಿಹೋಗಿರುತ್ತವೆ. ಮಗು ಹೋಗುವ ಮುಂಚೆ ಮುಗಿಸಬೇಕಾದ ಕೆಲಸ ಇದು. ಅಸ್ಸಾಂ ಕಡೆಯಿಂದ ಬಂದ ಕುಟುಂಬದ ಮಕ್ಕಳಿದ್ದರೆ ಅವರ ಊರಿನ ಜಿಲ್ಲೆಯ ಸಮಿತಿಯ ಮೂಲಕವೇ ನಡೆಯಬೇಕು. ಅವರನ್ನು ಮೊದಲ ತಂಡಕ್ಕೆ ಹಾಕಬೇಡಿ.

ಟ್ರಸ್ಟಿಗಳಿಗೆ ಇನ್ನೊಂದು ಕಹಿ ಮಾತು: ಮೊದಲ ಎರಡು ವರ್ಷ ಖರ್ಚು ಇಳಿಯೋದಿಲ್ಲ, ಏರುತ್ತದೆ. ಮನೆಯೂ ನಡೆಯಬೇಕು, ಹೊರಗಿನ ಕೆಲಸವೂ ನಡೆಯಬೇಕು.

ಎರಡು ಮಳೆಗಾಲ ಅಂದೆನಲ್ಲ. ಕಾಫಿ ಕುಯ್ಲಿನ ಹೊತ್ತು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಲೈನ್ ಮನೆಯಲ್ಲಿ ದುಡ್ಡು ಓಡಾಡುತ್ತದೆ. ಆಗ ಭೇಟಿಗೆ ಹೋದರೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಜುಲೈನಲ್ಲಿ ಅದೇ ಮನೆಗೆ ಹೋಗಿ ನೋಡಿ. ಮಳೆ ಹಿಡಿದಿದೆ, ಕೆಲಸ ಕಡಿಮೆ, ಶಾಲೆಗೆ ರಜೆ ಮೇಲೆ ರಜೆ, ಒಂದು ಕೋಣೆಯಲ್ಲಿ ಐದು ಜನ, ಸಾಲ ಏರುತ್ತಿದೆ. ಕೂಡಿಸಿದ ಸಂಸಾರ ಬಿರುಕು ಬಿಡೋದು ಆಗಲೇ. ಹಾಗಾಗಿ ಒಂದು ಮನೆಯನ್ನು ಕುಯ್ಲಿನಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ ನೋಡದೆ ತೀರ್ಮಾನ ಮಾಡಬೇಡಿ.

ನಾನಾದರೆ ಹೀಗೆ ಮಾಡುತ್ತೇನೆ. ಈ ಮಳೆಗಾಲದಲ್ಲಿ ಫೈಲ್ ಕೆಲಸ, ಸಿಬ್ಬಂದಿ ಜೊತೆ ಮಾತುಕತೆ, ಕೈಗೆಟುಕುವ ಮನೆಗಳ ಮೊದಲ ಭೇಟಿ. ದಸರಾ ರಜೆಯಲ್ಲಿ ಕೆಲವು ಮಕ್ಕಳನ್ನು ಸಮಿತಿಯ ಒಪ್ಪಿಗೆ ಪಡೆದು ಮನೆಗೆ ಕಳಿಸಿ ನೋಡುವುದು. ಹೀಗೆ ರಜೆ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ, ಸಾಮಾನ್ಯವಾಗಿ ಒಂದು ಸಲಕ್ಕೆ ಏಳು ದಿನ. ತಿರುಗಿ ಬಂದಾಗ ಮಗುವನ್ನು ಸಾವಕಾಶವಾಗಿ ಕೇಳುವುದು. ಕುಯ್ಲಿನ ಹೊತ್ತಲ್ಲಿ ಸಂತೆ ದಿನ ನೋಡಿಕೊಂಡು ಮನೆಗಳಿಗೆ ಹೋಗುವುದು, ಬೇರೆ ದಿನ ಹೋದರೆ ಯಾರೂ ಸಿಗೋದಿಲ್ಲ. ದೊಡ್ಡ ಮಕ್ಕಳನ್ನು ಕಾಫಿ ಕುಯ್ಯಲು ಕರೆದುಕೊಂಡು ಹೋಗುವ ಮನೆ ಯಾವುದು ಅನ್ನೋದೂ ಆಗಲೇ ಕಣ್ಣಿಗೆ ಬೀಳುತ್ತದೆ. ಮೇ ಕೊನೆಗೆ, ಶಾಲೆ ಶುರುವಾಗುವಾಗ, ಆರೋ ಎಂಟೋ ಮಕ್ಕಳ ಮೊದಲ ತಂಡ. ಆ ಮಳೆಗಾಲ ಪೂರ್ತಿ ಹದಿನೈದು ದಿನಕ್ಕೊಮ್ಮೆ ಭೇಟಿ, ನಡುವೆ ಫೋನ್. ಅಕ್ಟೋಬರ್‌ನಲ್ಲಿ ಕೂತು ನೋಡಿ, ಆಮೇಲೆ ಎರಡನೇ ತಂಡದ ಮಾತು.

ಹೋಗಲಾಗದವರು ಉಳಿಯುತ್ತಾರೆ. ಮನೆಯೇ ಇಲ್ಲದವರಿಗೆ ದತ್ತು, ಸಾಕು ಕುಟುಂಬದ ದಾರಿ ಇದೆ. ಹದಿನಾರು ಹದಿನೇಳರ ಮಕ್ಕಳನ್ನು ಲೆಕ್ಕ ತುಂಬಿಸಲು ಕಳಿಸಬೇಡಿ. ಪಿಯುಸಿ ಮುಗಿಸಲಿ. 18 ದಾಟಿದ ಮೇಲೂ 21ರವರೆಗೆ ಅನುಪಾಲನೆಯ ನೆರವು ಕಾಯ್ದೆಯಲ್ಲಿದೆ.

ದಾನಿಗಳ ವಿಷಯ ನೀವಂದುಕೊಂಡಷ್ಟು ಕಷ್ಟದ್ದಲ್ಲ. ಹುಟ್ಟುಹಬ್ಬಕ್ಕೆ ಮಕ್ಕಳ ಜೊತೆ ಊಟ ಮಾಡಿ ಫೋಟೊ ತೆಗೆಸಿಕೊಳ್ಳುವವರಲ್ಲಿ ಕೆಲವರು ಬಿಟ್ಟುಹೋಗುತ್ತಾರೆ, ಹೋಗಲಿ. ಮಕ್ಕಳ ಗುರುತು ಬಯಲಾಗುವಂತೆ ಫೋಟೊ ಹಾಕುವುದನ್ನು ಕಾಯ್ದೆ ಹೇಗೂ ಒಪ್ಪುವುದಿಲ್ಲ. ಉಳಿದವರಿಗೆ ನಿರ್ದಿಷ್ಟವಾದದ್ದನ್ನು ಕೇಳಿ: ಒಂದು ಕುಟುಂಬದ ಒಂದು ಮಳೆಗಾಲದ ಖರ್ಚು ಇಷ್ಟು, ಕೊಡುತ್ತೀರಾ ಎಂದು.

ಹಳೆಯ ಕಾರ್ಯದರ್ಶಿಗಳ ಬೇಸರಕ್ಕೆ ಅರ್ಥವಿದೆ. ಯಾರೂ ಇಲ್ಲದ ಕಾಲದಲ್ಲಿ ಅವರು ಬಾಗಿಲು ತೆರೆದವರು. ಅವರ ಕಿವಿಗೆ ಈಗ ಬೀಳುತ್ತಿರುವುದು "ನೀವು ಮಾಡಿದ್ದು ತಪ್ಪು" ಎಂಬ ಮಾತು. ಹೊಸಬರು ಹಾಗೆ ಹೇಳದಂತೆ ನೋಡಿಕೊಳ್ಳಿ. ಹಳಬರಿಗೆ ಒಂದು ನಿಜವಾದ ಕೆಲಸ ಕೊಡಿ. ತೋಟದ ಸಾವ್ಕಾರರ ಜೊತೆ ಕೂತು, ಶಿಶುಪಾಲನಾ ಕೊಠಡಿ ತೆರೆಸಿ, ಕುಟುಂಬವನ್ನು ಶಾಲೆ ವರ್ಷದ ನಡುವೆ ಲೈನ್ ಬಿಡಿಸಬೇಡಿ ಎಂದು ಕೇಳುವ ಕೆಲಸ. ನೀವೋ ನಾನೋ ಹೋದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಹಳಬರ ಮಾತಿಗೆ ಬೆಲೆ ಇದೆ.

ಕಟ್ಟಡವನ್ನು ಮಾರುವ ಮಾತು ಬಂದರೆ ತಡೆಯಿರಿ. ಹತ್ತು ಹಾಸಿಗೆಯಾದರೂ ತುರ್ತಿಗೆ ಇರಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಎಷ್ಟು ಮನೆಗಳು ಒಂದೇ ವಾರದಲ್ಲಿ ಹೋದವು ಎಂದು ನೋಡಿದ್ದೀರಿ. ಮೊದಲ ತಂಡದಲ್ಲಿ ಹೋದ ಮಗುವಿಗೂ ಒಂದು ರಾತ್ರಿ ತಿರುಗಿ ಬರಬೇಕಾಗಿ ಬರಬಹುದು. ಟ್ರಸ್ಟ್‌ಗೆ ಕೊಡುವ ವರದಿಯಲ್ಲಿ 'ಎಷ್ಟು ಮಕ್ಕಳನ್ನು ಕಳಿಸಿದೆವು' ಎಂಬ ಕಾಲಂ ಇಡಬೇಡಿ. 'ಮಳೆಗಾಲ ಕಳೆದ ಮೇಲೂ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿರುವವರು ಎಷ್ಟು' ಎಂದು ಇಡಿ. ಮತ್ತೆ, ನಿಮ್ಮ ನೋಂದಣಿ ಐದು ವರ್ಷಕ್ಕೆ ಕೊಟ್ಟದ್ದು. ಅದು ಮುಗಿಯುವ ದಿನಾಂಕ ಯಾವುದು ಎಂದು ಇವತ್ತೇ ನೋಡಿ. ಹಾಸಿಗೆಗಳ ಸಂಖ್ಯೆ ಇಳಿಸುವ ವಿಷಯವನ್ನು ನವೀಕರಣದ ಅರ್ಜಿಯ ಜೊತೆಗೇ ಮಕ್ಕಳ ರಕ್ಷಣಾ ಘಟಕದ ಮುಂದೆ ಇಟ್ಟರೆ ಓಡಾಟ ಕಡಿಮೆಯಾಗುತ್ತದೆ.